ಕಬ್ಬಿನ ಹೊಲದ ಮಕ್ಕಳೂ ಕಾಯಿದೆಯೂ
(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಮಿರಜ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು 1894ರಲ್ಲಿ ಡಾಕ್ಟರ್ ವಾನ್ಲೆಸ್ ಆರಂಭಿಸಿದ ಮಿಷನ್ ಆಸ್ಪತ್ರೆ. ನಾನು ಇಂದು ಹೇಳಹೊರಟಿರುವುದು ಆಸ್ಪತ್ರೆಯ ಮಾತಲ್ಲ. ಮಿರಜ, ಸಾಂಗಲಿ, ವಾಳವಾ ಕಡೆಯ ಕಬ್ಬಿನ ಹೊಲಗಳಿಗೆ ದುಡಿಯಲು ಬರುವವರ ಮಕ್ಕಳ ಮಾತು.

ದೀಪಾವಳಿಯ ಆಸುಪಾಸಿನಲ್ಲಿ ಅಲ್ಲಿನ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸತೊಡಗುತ್ತವೆ. ಬೀಡ ಜಿಲ್ಲೆಯಿಂದ, ಸಾಂಗಲಿ ಜಿಲ್ಲೆಯದೇ ಆದ ಜತ್ತ ತಾಲೂಕಿನಿಂದ, ನಮ್ಮ ವಿಜಯಪುರದ ಕಡೆಯಿಂದಲೂ ಗ್ಯಾಂಗುಗಳು ಬಂದಿಳಿಯುತ್ತವೆ. ನಿಮ್ಮಲ್ಲಿ ಮೇಸ್ತ್ರಿ ಇದ್ದಂತೆ ಅಲ್ಲಿ ಮುಕಾದಮ. ಮುಂಗಡ ಕೊಟ್ಟು ಕರೆತರುತ್ತಾನೆ. ಗಂಡಹೆಂಡಿರ ಜೋಡಿಗೆ ಒಂದು ‘ಕೊಯ್ತಾ’ ಎಂದು ಲೆಕ್ಕ. ಕೊಯ್ತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರಿಗೆ ಒಂದು ಕುಡುಗೋಲಿನ ಹೆಸರು! ಬೆಳಕು ಹರಿಯುವ ಮುಂಚೆ ಇಬ್ಬರೂ ಹೊಲಕ್ಕೆ ಹೋದರೆ ಗುಡಿಸಲಲ್ಲಿ ಕೂಸನ್ನು ನೋಡುವವರಾರು? ಎಂಟು ವರ್ಷದ ಅಕ್ಕ. ಅಲ್ಲಿಗೆ ಅವಳ ಶಾಲೆ ನಿಂತಿತು.

ನಿಮಗೆ 1951ರ ತೋಟ ಕಾರ್ಮಿಕರ ಕಾಯಿದೆ ಬಂತು. 50 ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗೃಹ ಇರಬೇಕೆಂದು ಅದು ಹೇಳಿತು. ಅದರಲ್ಲಿ ಚಹಾ, ಕಾಫಿ, ರಬ್ಬರ್ ಇದ್ದವು, ಕಬ್ಬು ಇರಲಿಲ್ಲ. ಕಬ್ಬು ಕಡಿಯುವವಳ ಕೂಸಿಗೆ ಕಾಯಿದೆಯ ನೆರಳು ಸಿಗಲಿಲ್ಲ.

ಪಕ್ಕದ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1917ರಲ್ಲೇ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದರು. ಮಗುವನ್ನು ಕಳಿಸದಿದ್ದರೆ ತಂದೆತಾಯಿಗೆ ದಂಡ. 2009ರಲ್ಲಿ ದೆಹಲಿಯಲ್ಲಿ ಆದ ಶಿಕ್ಷಣ ಹಕ್ಕಿನ ಕಾಯಿದೆ ಹೊಣೆಯನ್ನು ತಿರುಗಿಸಿ ಸರಕಾರದ ಹೆಗಲಿಗೆ ಹಾಕಿತು. ಇದು ದೊಡ್ಡ ಮಾತು. 6ರಿಂದ 14 ವರ್ಷದ ಮಗುವನ್ನು ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ವಯಸ್ಸಿನ ದಾಖಲೆ ಇಲ್ಲವೆಂದು ತಿರುಗಿ ಕಳಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂಬ ನೆವವೂ ಸಲ್ಲದು; ಬೇರೆ ರಾಜ್ಯದಿಂದ ಬಂದ ಮಗುವಿಗೂ ಇದೇ ನಿಯಮ. ವಲಸೆ ಬಂದವರ ಮಕ್ಕಳನ್ನು ಸೇರಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದೇ ಅದರಲ್ಲಿ ಬರೆದಿದೆ.

ಆದರೂ ಒಂದು ತೊಡಕಿದೆ. ಜತ್ತದ ಕನ್ನಡ ಶಾಲೆಯಲ್ಲಿ ಓದುವ ಹುಡುಗನು ವಾಳವಾದಲ್ಲಿ ಮರಾಠಿ ಶಾಲೆಯ ಮೂಲೆಯಲ್ಲಿ ಕೂರಬೇಕು. ಕಲಿಸುವ ಭಾಷೆ ‘ಸಾಧ್ಯವಾದ ಮಟ್ಟಿಗೆ’ ಮಾತೃಭಾಷೆಯಾಗಿರಲಿ ಎಂದು ಕಾಯಿದೆ ಹೇಳುತ್ತದೆ. ಈ ‘ಸಾಧ್ಯವಾದ ಮಟ್ಟಿಗೆ’ ಎಂಬುದೇ ಕಾಯಿದೆಯ ತೂತು ಎಂದು ನನ್ನ ಅಭಿಪ್ರಾಯ. ಇಂಥ ಹುಡುಗನಿಗೆ ಅಜ್ಜಿಯ ಬಳಿ ಊರಲ್ಲೇ ಉಳಿದು ಓದುವುದು ಮೇಲು. ಮಹಾರಾಷ್ಟ್ರದಲ್ಲಿ ಅದಕ್ಕೆಂದೇ ಹಂಗಾಮಿ ವಸತಿಗೃಹಗಳ ಏರ್ಪಾಡು ನಡೆದಿದೆ. 2021ರಲ್ಲಿ ಕಬ್ಬು ಕಡಿಯುವವರ ಮಕ್ಕಳಿಗೆ ಸಂತ ಭಗವಾನಬಾಬಾ ಹೆಸರಿನ ವಸತಿಗೃಹಗಳಿಗೂ ಸರಕಾರ ಒಪ್ಪಿಗೆ ಕೊಟ್ಟಿತು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಆಫ್ರಿಕದ ದೇಶಗಳು 1990ರಲ್ಲಿ ಮಕ್ಕಳ ಹಕ್ಕುಗಳಿಗೆ ತಮ್ಮದೇ ಸನದು ಮಾಡಿಕೊಂಡವು. ಚಹಾ ತೋಟಗಳ ನಾಡಾದ ಕೀನ್ಯಾ 2001ರಲ್ಲಿ ಮಕ್ಕಳ ಕಾಯಿದೆ ಮಾಡಿತು. ಆದರೆ 2003ರಲ್ಲಿ ಪ್ರಾಥಮಿಕ ಶಾಲೆಯ ಫೀಜನ್ನು ತೆಗೆದುಹಾಕಿದಾಗಲೇ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊಸದಾಗಿ ಶಾಲೆಗೆ ಬಂದರು. ಕಾಗದದ ಹಕ್ಕಿಗೆ ಕಾಲು ಬಂದದ್ದು ಬಾಗಿಲಿನ ಅಡ್ಡಗಟ್ಟೆ ಕಿತ್ತಾಗ.

ನಿಮ್ಮಲ್ಲಿಯೂ ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋಗುವವರು ಇದ್ದೀರಿ. ಹೊರಡುವ ಮುನ್ನ ಹೆಡ್‌ಮಾಸ್ತರರಲ್ಲಿ ವರ್ಗಾವಣೆ ಪತ್ರ ಕೇಳಿರಿ. ಕೂಡಲೇ ಕೊಡಬೇಕೆಂಬುದು ಕಾಯಿದೆ. ಅದು ಸಿಗದಿದ್ದರೂ ಹೊಸ ಊರಲ್ಲಿ ಮಗುವಿನ ಕೈ ಹಿಡಿದು ಶಾಲೆಗೆ ಹೋಗಿರಿ, ಯಾವ ತಿಂಗಳಾದರೂ ಸರಿ. ಬೇಡವೆಂದರೆ, ಕಾರಣವನ್ನು ಬರೆದುಕೊಡಿ ಸ್ವಾಮಿ ಎಂದು ಕೇಳಿರಿ. 14 ತುಂಬದ ಮಗುವನ್ನು ಯಾರಾದರೂ ಕೂಲಿಗೆ ಹಚ್ಚಿದರೆ 1098ಕ್ಕೆ ಫೋನ್ ಮಾಡಿರಿ, ಅದಕ್ಕೆ ದುಡ್ಡು ಬೀಳದು. 2016ರ ತಿದ್ದುಪಡಿಯಂತೆ ಹಾಗೆ ಹಚ್ಚಿದವನಿಗೆ ಎರಡು ವರ್ಷದ ತನಕ ಸೆರೆವಾಸವಾಗಬಹುದು.