ಉಷ್ಣಮಾಪಕದ ಸಾಕ್ಷ್ಯ: ದೇಹತಾಪ, ಥೈರಾಯ್ಡ್ ಮತ್ತು ಚಿಕಿತ್ಸೆ



ಸದಾ ಆಯಾಸ, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ಮನಸ್ಸಿಗೆ ಮಂಕು. ಥೈರಾಯ್ಡ್ ಹಾರ್ಮೋನು ಕೊರತೆಯಾದವರು ವೈದ್ಯರ ಮುಂದೆ ಹೇಳಿಕೊಳ್ಳುವ ತೊಂದರೆಗಳಿವು. ರಕ್ತಹೀನತೆ, ಖಿನ್ನತೆ, ನಿದ್ರಾಹೀನತೆ ಇರುವವರೂ ಇವುಗಳಲ್ಲಿ ಹಲವನ್ನು ಹೇಳುತ್ತಾರೆ. ಹೀಗಿರುವಾಗ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, ಅದು 37 ಡಿಗ್ರಿ ಸೆಲ್ಸಿಯಸ್ ಮುಟ್ಟಲಿಲ್ಲವೆಂಬ ಒಂದೇ ಕಾರಣಕ್ಕೆ ಥೈರಾಯ್ಡ್ ಮಾತ್ರೆ ಆರಂಭಿಸಬಹುದೇ? ಆರಂಭಿಸಕೂಡದು ಎಂಬುದು ನನ್ನ ವಾದ. ದೇಹತಾಪ ಒಂದು ಸಾಕ್ಷಿ ಮಾತ್ರ. ಅದರ ಮಾತೊಂದನ್ನೇ ನಂಬಿ ತೀರ್ಪು ಕೊಟ್ಟರೆ ಆರೋಗ್ಯವಂತರಿಗೆ ಔಷಧದ ಅಪಾಯ ಅಂಟುತ್ತದೆ, ಬೇರೆ ಕಾಯಿಲೆ ಇದ್ದವರಿಗೆ ಆ ಕಾಯಿಲೆಯ ಚಿಕಿತ್ಸೆ ತಪ್ಪಿಹೋಗುತ್ತದೆ.

ಥೈರಾಯ್ಡ್‌ಗೂ ಮೈಬಿಸಿಗೂ ಇರುವ ನಂಟು ಕಟ್ಟುಕತೆಯಲ್ಲ. ಕತ್ತಿನ ಮುಂಭಾಗದ ಈ ಗ್ರಂಥಿ ಸ್ರವಿಸುವ ಟಿ-4 ಹಾರ್ಮೋನು ಅಂಗಾಂಶಗಳಲ್ಲಿ ಹೆಚ್ಚು ಪ್ರಬಲವಾದ ಟಿ-3 ಆಗಿ ಬದಲಾಗಿ, ಜೀವಕೋಶಗಳು ಆಮ್ಲಜನಕ ಬಳಸಿ ಶಾಖ ಹುಟ್ಟಿಸುವ ವೇಗವನ್ನು ನಿರ್ಧರಿಸುತ್ತದೆ. ಕೊರತೆ ಅತಿಯಾಗಿ ರೋಗಿ ಎಚ್ಚರ ತಪ್ಪುವ ಹಂತದಲ್ಲಿ ದೇಹತಾಪ 35 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ 1891ರಲ್ಲಿ ಕುರಿಯ ಥೈರಾಯ್ಡ್ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಒಬ್ಬ ಮಹಿಳೆಯನ್ನು ಈ ಕಾಯಿಲೆಯಿಂದ ಎಬ್ಬಿಸಿದರು. ಆಕೆ ಮತ್ತೆ 28 ವರ್ಷ ಬದುಕಿದರು. 1914ರಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್, ಅಂದರೆ ಟಿ-4 ಅನ್ನು ಬೇರ್ಪಡಿಸಿದರು. ಆದರೆ ರಕ್ತದಲ್ಲಿ ಹಾರ್ಮೋನನ್ನು ನಿಖರವಾಗಿ ಅಳೆಯುವ ದಾರಿ ಇನ್ನೂ ದಶಕಗಳಷ್ಟು ದೂರವಿತ್ತು. ಆ ನಡುವಿನ ಕಾಲದಲ್ಲಿ ವೈದ್ಯರು ಥರ್ಮಾಮೀಟರನ್ನು ನೆಚ್ಚಿಕೊಂಡದ್ದು ಅರ್ಥವಾಗುವ ಸಂಗತಿ. ತಪ್ಪು ನುಸುಳಿದ್ದು ತರ್ಕವನ್ನು ತಿರುವುಮುರುವು ಮಾಡಿದಾಗ. ಒಲೆಯ ಉರಿ ಕುಗ್ಗಿದರೆ ಅನ್ನ ಬೇಯುವುದು ತಡವಾಗುತ್ತದೆ. ಅನ್ನ ತಡವಾದಾಗಲೆಲ್ಲ ಉರಿಯೇ ಕುಗ್ಗಿದೆ ಎನ್ನಲಾಗದು.

37 ಎಂಬ ಅಂಕಿಯನ್ನೇ ನೋಡೋಣ. ಅದು ಜರ್ಮನಿಯ ಕಾರ್ಲ್ ವುಂಡರ್‌ಲಿಶ್ 1868ರಲ್ಲಿ ಪ್ರಕಟಿಸಿದ ಗ್ರಂಥದಿಂದ ಜಗತ್ತಿನಲ್ಲಿ ನೆಲೆಗೊಂಡದ್ದು. ಸುಮಾರು 25,000 ರೋಗಿಗಳ ತಾಪವನ್ನು ಅವರು ದಾಖಲಿಸಿದ್ದರು. 1992ರಲ್ಲಿ ಅಮೆರಿಕದ ಫಿಲಿಪ್ ಮ್ಯಾಕೋವಿಯಾಕ್ ಮತ್ತು ಸಂಗಡಿಗರು 148 ಆರೋಗ್ಯವಂತರ ಬಾಯಿಯ ತಾಪ ಅಳೆದಾಗ ಸಿಕ್ಕ ಸರಾಸರಿ 36.8. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಒಂದೂವರೆ ಶತಮಾನದ ದಾಖಲೆಗಳನ್ನು ಹೋಲಿಸಿ, ಅಮೆರಿಕನ್ನರ ಸರಾಸರಿ ದೇಹತಾಪ ದಶಕಕ್ಕೆ ಸುಮಾರು 0.03 ಡಿಗ್ರಿಯಂತೆ ಇಳಿಯುತ್ತ ಬಂದಿದೆ ಎಂದು ತೋರಿಸಿದರು. ಒಬ್ಬರ ತಾಪವೇ ನಸುಕಿನಿಂದ ಸಂಜೆಗೆ ಅರ್ಧ ಡಿಗ್ರಿಯಷ್ಟು ಏರುತ್ತದೆ. ಮಹಿಳೆಯರಲ್ಲಿ ಅಂಡೋತ್ಪತ್ತಿಯ ನಂತರ ಇನ್ನಷ್ಟು ಏರುತ್ತದೆ. ಕಂಕುಳಿನ ಅಳತೆ ಬಾಯಿಯದಕ್ಕಿಂತ ಕಡಿಮೆ. ವಯಸ್ಸಾದವರಲ್ಲಿ ಮತ್ತಷ್ಟು ಕಡಿಮೆ. ಹೀಗೆ ಅಲುಗಾಡುವ ಅಂಕಿಯನ್ನು ಗಡಿರೇಖೆಯಾಗಿ ಎಳೆದರೆ ಎಷ್ಟೋ ಮಂದಿ ಆರೋಗ್ಯವಂತರು ರೋಗಿಗಳ ಸಾಲಿಗೆ ಸೇರಿಬಿಡುತ್ತಾರೆ.

ಅದೇ ನಡೆಯಿತು. ಅಮೆರಿಕದ ಬ್ರೋಡಾ ಬಾರ್ನ್ಸ್, ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಕಂಕುಳಿನ ತಾಪ 97.8 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ ಥೈರಾಯ್ಡ್ ಕೊರತೆ ಇರಬಹುದೆಂದು ಪ್ರತಿಪಾದಿಸಿ, 1976ರ ತಮ್ಮ ಪುಸ್ತಕದ ಮೂಲಕ ಅದನ್ನು ಮನೆಮನೆಗೆ ತಲುಪಿಸಿದರು. ಫ್ಲಾರಿಡಾದ ಡೆನಿಸ್ ವಿಲ್ಸನ್ ಇನ್ನೂ ಮುಂದೆ ಹೋದರು. ರಕ್ತಪರೀಕ್ಷೆ ಸರಿಯಿದ್ದರೂ ಒತ್ತಡದಿಂದ ಟಿ-4 ಟಿ-3 ಆಗುವುದು ಕುಂಠಿತವಾಗುತ್ತದೆ, ದೇಹತಾಪ 98.6ಕ್ಕೆ ಏರುವವರೆಗೆ ಟಿ-3 ಕೊಡಬೇಕು ಎಂದು ಹೇಳಿ, ಆ ಸ್ಥಿತಿಗೆ ತಮ್ಮದೇ ಹೆಸರಿಟ್ಟರು. 1992ರಲ್ಲಿ ಅಲ್ಲಿನ ವೈದ್ಯಕೀಯ ಮಂಡಳಿ ಅವರ ವೃತ್ತಿ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಇಂಥದೊಂದು ಕಾಯಿಲೆ ಇದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಸ್ಪಷ್ಟವಾಗಿ ಹೇಳಿದೆ. ಟಿ-3 ಅತಿಯಾದರೆ ಎದೆಬಡಿತದ ಲಯ ತಪ್ಪುತ್ತದೆ, ಹಾರ್ಮೋನಿನ ಹೆಚ್ಚಳ ಬಹುಕಾಲ ಉಳಿದರೆ ಮೂಳೆ ಸವೆಯುತ್ತದೆ.

‘ಮಾತ್ರೆ ನುಂಗಿದ ಮೇಲೆ ನಮಗೆ ಹಾಯೆನಿಸಿತಲ್ಲ’ ಎನ್ನುವವರಿದ್ದಾರೆ. ಆ ಅನುಭವವನ್ನು ಸುಳ್ಳೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಹಾರ್ಮೋನಿನ ಹೆಚ್ಚಳ ಕೊರತೆ ಇಲ್ಲದವರಲ್ಲೂ ಹುರುಪು ತರಬಲ್ಲದು, ನಂಬಿಕೆಯೂ ತರಬಲ್ಲದು. ಎರಡನ್ನೂ ಬೇರ್ಪಡಿಸಲು ಔಷಧವನ್ನು ಹುಸಿ ಮಾತ್ರೆಯೊಂದಿಗೆ ತೂಗಬೇಕು. ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು) ಅಲ್ಪಸ್ವಲ್ಪ ಏರಿದ್ದ, 65 ವರ್ಷ ದಾಟಿದ 737 ಜನರಲ್ಲಿ ಹೀಗೆ ತೂಗಿ ನೋಡಿದ, 2017ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ ಥೈರಾಕ್ಸಿನ್ ಮಾತ್ರೆಯಾದ ಲೆವೊಥೈರಾಕ್ಸಿನ್‌ನಿಂದ ಲಕ್ಷಣಗಳೇನೂ ಹೆಚ್ಚಾಗಿ ತಗ್ಗಲಿಲ್ಲ. ಪರೀಕ್ಷೆಯಲ್ಲಿ ಸಣ್ಣ ದೋಷ ಕಂಡವರಿಗೇ ಲಾಭವಾಗದಿದ್ದಾಗ, ದೋಷವೇ ಕಾಣದವರಿಗೆ ಆಗುತ್ತದೆಂದು ಯಾವ ಆಧಾರದ ಮೇಲೆ ನಂಬುವುದು?

‘ರಕ್ತಪರೀಕ್ಷೆಯೇ ತಪ್ಪಬಾರದೇಕೆ’ ಎಂಬುದು ಇನ್ನೊಂದು ಪ್ರಶ್ನೆ, ಅದು ಗಟ್ಟಿಯಾದದ್ದು. ಟಿ-4 ಕೊಂಚ ಇಳಿದರೂ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಅನ್ನು ಹಲವು ಪಟ್ಟು ಏರಿಸುತ್ತದೆ. ಆದ್ದರಿಂದಲೇ ಅದು ಇಷ್ಟು ಸೂಕ್ಷ್ಮ ಸೂಚಕ. ಪಿಟ್ಯುಟರಿಯೇ ಕೆಟ್ಟಿದ್ದರೆ ಟಿಎಸ್‌ಎಚ್ ಸರಿಯಿದ್ದಂತೆ ಕಾಣಬಹುದು, ಆಗ ಫ್ರೀ ಟಿ-4 ಕೂಡ ನೋಡಬೇಕು. ಕೂದಲಿಗೆಂದು ನುಂಗುವ ಬಯೋಟಿನ್ ಕೂಡ ಕೆಲವು ಪರೀಕ್ಷೆಗಳ ಫಲಿತಾಂಶವನ್ನು ಏರುಪೇರು ಮಾಡುತ್ತದೆ. ಸರಿಯಾದ ಪ್ರಮಾಣದಲ್ಲಿ ಲೆವೊಥೈರಾಕ್ಸಿನ್ ನುಂಗಿಯೂ ದಣಿವು ನೀಗದ ರೋಗಿಗಳಿರುವುದು ನಿಜ. ಬೇರೆ ಕಾರಣಗಳನ್ನು ಹುಡುಕಿದ ಮೇಲೆ, ಆಯ್ದ ಕೆಲವರಿಗೆ ತಜ್ಞರ ಕಣ್ಗಾವಲಿನಲ್ಲಿ ಟಿ-3 ಸೇರಿಸಿ ನೋಡಬಹುದು. ಪರೀಕ್ಷೆಯ ಮಿತಿಗಳಿಗೆ ಮದ್ದು ಇನ್ನಷ್ಟು ಎಚ್ಚರದ ಪರೀಕ್ಷೆಯೇ. ಅದಕ್ಕಿಂತ ಒರಟಾದ ಥರ್ಮಾಮೀಟರ್ ಆ ಮದ್ದಾಗಲಾರದು.

ನಮ್ಮಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಬೆಂಗಳೂರೂ ಸೇರಿದಂತೆ ಎಂಟು ನಗರಗಳ 5,360 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಥೈರಾಯ್ಡ್ ಕೊರತೆ ಕಂಡಿತು. ಅವರಲ್ಲಿ ಮೂರನೇ ಒಂದು ಪಾಲಿನಷ್ಟು ಜನರಿಗೆ ತಮ್ಮ ಕಾಯಿಲೆಯ ಅರಿವೇ ಇರಲಿಲ್ಲ. ನಿಜವಾದ ರೋಗಿಗಳೇ ಇಷ್ಟು ಮಂದಿ ಕಾಣದೆ ಉಳಿದಿರುವಾಗ ಇಲ್ಲದ ರೋಗವನ್ನು ಸೃಷ್ಟಿಸುವುದು ಅನ್ಯಾಯ. ಕೊರತೆ ದೃಢಪಟ್ಟವರಿಗೆ ಚಿಕಿತ್ಸೆ ಅಗ್ಗ ಮತ್ತು ಸರಳ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ಬಿಟ್ಟು. ಪ್ರಮಾಣ ಬದಲಿಸಿದರೆ ಆರರಿಂದ ಎಂಟು ವಾರಗಳ ಬಳಿಕ ಮತ್ತೆ ಟಿಎಸ್‌ಎಚ್. ಗರ್ಭಿಣಿಯರು ಈ ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು, ಹೊಟ್ಟೆಯೊಳಗಿನ ಮಗುವಿನ ಮಿದುಳಿನ ಬೆಳವಣಿಗೆಗೆ ಅದು ಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮೈ ತಣ್ಣಗೆನಿಸಿ ದಣಿವು ಬಿಡದಿದ್ದರೆ ಅದನ್ನು ಅಲಕ್ಷಿಸಬೇಡಿ; ವೈದ್ಯರನ್ನು ಕಂಡು ಟಿಎಸ್‌ಎಚ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ವೈದ್ಯಮಿತ್ರರೇ, ವರದಿ ಸರಿಯಿದೆ ಎಂದು ಹೇಳಿ ರೋಗಿಯನ್ನು ಸಾಗಹಾಕಬೇಡಿ. ದಣಿವಿನ ಕಾರಣ ಸಿಗುವವರೆಗೆ ಹುಡುಕಿ.