ಮೊಬೈಲಿನೊಳಗಿನ ಸವಾಲು: ಕೊಳ್ಳುವವರೂ ಮಾರುವವರೂ ತಿಳಿದಿರಬೇಕಾದದ್ದು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಶಿವಾನುಭವ ಗೋಷ್ಠಿಯಲ್ಲಿ ಮೊಬೈಲ್ ಮೋಸದ ಮಾತು ಯಾಕೆ ಎಂದು ಒಂದಿಬ್ಬರು ಹಿರಿಯರು ಕೇಳಿದರು. ಶರಣರು ಧರ್ಮವನ್ನು ಗುಡಿಯಿಂದ ಹೊರಗೆ ತಂದು ಅಂಗಡಿಯಲ್ಲಿ, ಹೊಲದಲ್ಲಿ, ಮಗ್ಗದ ಕುಣಿಯಲ್ಲಿ ಕೂರಿಸಿದವರು. ತಕ್ಕಡಿ ನೆಟ್ಟಗಿದೆಯೋ ಇಲ್ಲವೋ ಎಂಬುದು ಅವರಿಗೆ ಧರ್ಮದ ಪ್ರಶ್ನೆಯೇ ಆಗಿತ್ತು. ಈಗ ತಕ್ಕಡಿ ಮೊಬೈಲಿನೊಳಗೆ ಹೋಗಿದೆ, ಮಾತೂ ಅದರ ಹಿಂದೆ ಹೋಗಬೇಕು.

ಹರಾಜು ನಮಗೆ ಹೊಸದಲ್ಲ. ಇದಕ್ಕೆ ಸವಾಲು ಎನ್ನುತ್ತೇವೆ, ಬೆಳಗಾವಿ ಕಡೆಯವರು ಲಿಲಾವು ಎನ್ನುತ್ತಾರೆ. ನಾಯಕನಹಟ್ಟಿ ಜಾತ್ರೆಯಲ್ಲಿ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುವುದನ್ನು ಪತ್ರಿಕೆಯಲ್ಲಿ ಓದುತ್ತೀರಿ. (ಅದರ ಬಗ್ಗೆ ನನಗೆ ಬೇರೆಯೇ ಅಭಿಪ್ರಾಯವಿದೆ, ಇವತ್ತಿನ ವಿಷಯ ಅದಲ್ಲ.) ಆನ್‌ಲೈನ್ ಹರಾಜೂ ನಮ್ಮ ರೈತರಿಗೆ ಹೊಸದಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಲಾಟ್ ನೋಡಿ ಇ-ಟೆಂಡರ್ ಹಾಕುತ್ತಾರೆ. 2014ರಿಂದ ನಮ್ಮ ರಾಜ್ಯದ ಎಪಿಎಂಸಿಗಳಲ್ಲಿ ಈ ಪದ್ಧತಿ ಹಬ್ಬಿತು. ಕೇಂದ್ರದ ಇ-ನಾಮ್ ಬಂದದ್ದು ಅದಾದ ಮೇಲೆ, 2016ರಲ್ಲಿ.

ಬ್ಯಾಡಗಿಯ ಸವಾಲು ಯಾಕೆ ನಿಲ್ಲುತ್ತದೆ, ನೋಡಿ. ಮಾಲು ಕಣ್ಣೆದುರು ಇರುತ್ತದೆ, ಚೀಲದೊಳಗೆ ಕೈ ಹಾಕಿ ನೋಡಬಹುದು. ಕೂಗುವ ವ್ಯಾಪಾರಿಗೆ ಲೈಸೆನ್ಸ್ ಇರುತ್ತದೆ, ಅವನ ಅಂಗಡಿ ಎಲ್ಲಿದೆ ಎಂದು ಊರಿಗೆಲ್ಲ ಗೊತ್ತು. ಹಣ ಬರದಿದ್ದರೆ ಕೇಳಲು ಒಂದು ಸಮಿತಿ, ಒಂದು ಕಚೇರಿ ಇದೆ. ನಾನು ಇಲಾಖೆಯಲ್ಲಿದ್ದಾಗ ಟೆಂಡರ್ ಕರೆಯುವ ಕೆಲಸ ಮಾಡುತ್ತಿದ್ದೆ. ಅಲ್ಲಿಯೂ ಇದೇ ಲೆಕ್ಕ. ಇಎಂಡಿ ಕಟ್ಟಿಸಿಕೊಳ್ಳುವುದು, ಗುತ್ತಿಗೆದಾರನ ದಾಖಲೆ ನೋಡುವುದು, ಕೆಲಸ ಅಳೆದ ಮೇಲೆ ಬಿಲ್ಲು ಪಾಸು ಮಾಡುವುದು, ಇವೆಲ್ಲ ಮನುಷ್ಯನ ಮೇಲೆ ಅಪನಂಬಿಕೆಯಿಂದ ಮಾಡಿದ್ದಲ್ಲ. ನಂಬಿಕೆಗೆ ಒಂದು ಊರುಗೋಲು ಅಷ್ಟೆ. ಮೊಬೈಲಿನಲ್ಲಿ ಕಾಣುವ ಸವಾಲಿನಲ್ಲಿ ಮಾಲು ಫೋಟೋ, ವ್ಯಾಪಾರಿ ಒಂದು ನಂಬರು, ಕಚೇರಿ ಎಲ್ಲಿಯೂ ಇಲ್ಲ. ಮೂರೂ ಊರುಗೋಲು ಒಮ್ಮೆಲೇ ಕಿತ್ತುಕೊಂಡ ಹಾಗೆ.

ನಮ್ಮ ಹಳ್ಳಿಗಳಲ್ಲಿ ಹೆಚ್ಚು ಮನೆ ಮುರಿದಿರುವುದು ಹಳೆ ನಾಣ್ಯದ ಹರಾಜು. ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು ಬರುತ್ತದೆ: ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಹಣ, 786 ಸಂಖ್ಯೆಯ ನೋಟಿಗೆ ಇಷ್ಟು, ವೈಷ್ಣೋದೇವಿಯ ನಾಣ್ಯಕ್ಕೆ ಅಷ್ಟು. ತಾಯಿಯೊಬ್ಬಳು ಟ್ರಂಕಿನಲ್ಲಿದ್ದ ನೋಟಿನ ಫೋಟೋ ಕಳಿಸುತ್ತಾಳೆ. ಅರ್ಧ ಗಂಟೆಯಲ್ಲಿ ಒಂದು ಪುಟದ ಲಿಂಕ್ ಬರುತ್ತದೆ. ಅದರಲ್ಲಿ ಆಕೆಯ ನೋಟು, ಕೆಳಗೆ ಬಿಡ್‌ಗಳು: ಎರಡೂವರೆ ಲಕ್ಷ, ಮೂರು, ನಾಲ್ಕು. ಅಂಕಿ ಕಣ್ಣೆದುರೇ ಏರುತ್ತದೆ. ಕೂಗುವವರು ಯಾರೂ ಇಲ್ಲ, ಅಂಕಿ ಏರಿಸುತ್ತಿರುವುದು ಒಂದು ಪ್ರೋಗ್ರಾಂ. ಸವಾಲು ಮುಗಿಯಿತು, ನಿಮಗೆ ನಾಲ್ಕು ಲಕ್ಷ ಎಂದು ಫೋನು. ಆಮೇಲೆ ನೋಂದಣಿ ಶುಲ್ಕ ಸಾವಿರ ಚಿಲ್ಲರೆ. ಅದಾದ ಮೇಲೆ ಜಿಎಸ್‌ಟಿ. ಅದಾದ ಮೇಲೆ ರಿಸರ್ವ್ ಬ್ಯಾಂಕಿನ ಎನ್‌ಒಸಿ, ಮುದ್ರೆ ಸಹಿತ. ಆಮೇಲೆ ಹಣ ಸಾಗಿಸುವ ವಿಮೆ. ಪ್ರತಿ ಸಲವೂ ಇದೇ ಕೊನೆಯದು ಎನ್ನುತ್ತಾರೆ. ಕಟ್ಟಿದ್ದು ಹೋದೀತು ಎಂಬ ಹೆದರಿಕೆಗೇ ಜನ ಮತ್ತೆ ಕಟ್ಟುತ್ತಾರೆ.

ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿಯೇ ಈ ಬಗ್ಗೆ ಪ್ರಕಟಣೆ ಹೊರಡಿಸಿತು. ಹಳೆ ನೋಟು, ನಾಣ್ಯಗಳ ಕೊಳ್ಳುವ ಮಾರುವ ವ್ಯವಹಾರದಲ್ಲಿ ತಾನು ಇಲ್ಲ, ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಕೇಳುವ ಅಧಿಕಾರವನ್ನು ಯಾರಿಗೂ ಕೊಟ್ಟಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಟ್ರ್ಯಾಕ್ಟರ್ ನೋಟು ಕೋಟಿಗಟ್ಟಲೆ ಅಚ್ಚಾದದ್ದು, ಅಂಗಡಿಯಲ್ಲಿ ಅದರ ಬೆಲೆ ಐದು ರೂಪಾಯಿ. ನಿಜವಾದ ನಾಣ್ಯ ಸಂಗ್ರಾಹಕರು ಇದ್ದಾರೆ, ನಿಜವಾದ ಹರಾಜುಗಳೂ ನಡೆಯುತ್ತವೆ. ಅಲ್ಲಿ ನಾಣ್ಯವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುತ್ತಾರೆ, ಮಾರಾಟವಾದ ಹಣದಲ್ಲಿ ಕಮಿಷನ್ ಮುರಿದುಕೊಳ್ಳುತ್ತಾರೆ. ನಿಮಗೆ ಹಣ ಕೊಡಬೇಕಾದವನು ನಿಮ್ಮಿಂದಲೇ ಮೊದಲು ಹಣ ಕೇಳಿದರೆ ಅವನು ಕೊಳ್ಳುವವನಲ್ಲ.

ಇದೇ ಜಾತಿಯ ಇನ್ನೊಂದು ವ್ಯಾಪಾರವಿದೆ. ಅಕ್ಕಿ ಸೆಳೆಯುವ ತಾಮ್ರದ ಚೊಂಬು, ಅಂದರೆ ರೈಸ್ ಪುಲ್ಲಿಂಗ್, ಬಲಮುರಿ ಶಂಖ, ಎರಡು ತಲೆ ಹಾವು ಎಂದು ಕರೆಯುವ ಮಣ್ಣುಮುಕ್ಕ. ಮೊದಲು ಇವು ಬಸ್ ನಿಲ್ದಾಣದ ಪಕ್ಕದ ಲಾಡ್ಜಿನಲ್ಲಿ ನಡೆಯುತ್ತಿದ್ದವು, ಈಗ ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಕೂಗುತ್ತಾರೆ. ಹಾವಿಗೆ ಎರಡು ತಲೆ ಇಲ್ಲ, ಬಾಲ ಮೊಂಡಾಗಿದೆ ಅಷ್ಟೆ. ಹಿಡಿದು ಮಾರಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲು. ಸ್ಥಾವರವನ್ನು, ಶಕುನವನ್ನು, ವಾಸ್ತುವನ್ನು ಬಿಟ್ಟೆವು ಎಂದು ಹೇಳಿಕೊಳ್ಳುವ ನಾವು ಲಕ್ಷ್ಮಿ ತರುವ ನಾಣ್ಯವನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಏನು ಬಿಟ್ಟಂತಾಯಿತು? ಮೋಸಗಾರನಿಗೆ ಈ ಮೂಢನಂಬಿಕೆಯೇ ಬಂಡವಾಳ.

ಇನ್ನು ಮಾರುವವರ ವಿಷಯ. ಹಳೆ ಸೋಫಾ, ಬೈಕು, ಫ್ರಿಜ್ಜು ಮಾರಲು ಜಾಹೀರಾತು ಹಾಕುತ್ತೀರಿ. ಐದು ನಿಮಿಷದಲ್ಲಿ ಫೋನು ಬರುತ್ತದೆ. ಮಾತು ಹಿಂದಿ, ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ ಎನ್ನುತ್ತಾನೆ. ಚೌಕಾಸಿ ಮಾಡುವುದಿಲ್ಲ. ಇದೇ ಮೊದಲ ಸಂಶಯವಾಗಬೇಕು. ನಮ್ಮ ಸಂತೆಯಲ್ಲಿ ಬದನೆಕಾಯಿಗೂ ಚೌಕಾಸಿ ಮಾಡುವ ಜನ ನಾವು. ವಸ್ತುವನ್ನು ನೋಡದೆ ಹೇಳಿದ ಬೆಲೆಗೆ ಒಪ್ಪುವವನು ಎಲ್ಲಿಂದ ಬಂದ? ಹಣ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುತ್ತಾನೆ. ನಂಬಿಕೆ ಬರಲೆಂದು ಮೊದಲು ಹತ್ತು ರೂಪಾಯಿ ನಿಜವಾಗಿಯೇ ಹಾಕುತ್ತಾನೆ. ಆಮೇಲೆ ಹದಿನೈದು ಸಾವಿರದ ಕೋಡ್ ಬರುತ್ತದೆ.

ಇದರ ಯಂತ್ರವನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಜನ್ಮದಲ್ಲಿ ಮರೆಯುವುದಿಲ್ಲ. ನಿಮ್ಮ ಖಾತೆ ಒಂದು ಕೆರೆ ಎಂದುಕೊಳ್ಳಿ. ಹಳ್ಳದ ನೀರು ಕೆರೆಗೆ ಬರಲು ಯಾವ ಕೀಲಿಯೂ ಬೇಡ, ತಾನಾಗಿ ಬರುತ್ತದೆ. ನೀರು ಹೊರಗೆ ಹೋಗಬೇಕಾದರೆ ಮಾತ್ರ ತೂಬು ಎತ್ತಬೇಕು. ಯುಪಿಐ ಪಿನ್ ಎಂಬುದು ಆ ತೂಬಿನ ಕೀಲಿ. ಅದನ್ನು ಒತ್ತಿದಿರೆಂದರೆ ನೀರು ಹೊರಗೇ ಹೋಗುತ್ತದೆ, ಒಳಗೆ ಬರುವ ದಾರಿಯೇ ಅದಲ್ಲ. ಕ್ಯೂಆರ್ ಕೋಡ್ ಕೂಡ ಅಷ್ಟೆ: ಅದು ಹಣ ಪಡೆಯುವವನ ವಿಳಾಸ ಬರೆದ ಚೀಟಿ. ಅವನು ಕಳಿಸಿದ ಚೀಟಿಯಲ್ಲಿ ಇರುವುದು ಅವನ ವಿಳಾಸ. ಹಣ ಪಡೆಯಲು ಸ್ಕ್ಯಾನ್ ಬೇಡ, ಪಿನ್ ಬೇಡ, ಒಟಿಪಿ ಬೇಡ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ‘ಕಲೆಕ್ಟ್ ರಿಕ್ವೆಸ್ಟ್’ ಎಂಬ ಸೌಲಭ್ಯವನ್ನು ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದು ಇಂಥ ಮೋಸ ತಡೆಯಲೆಂದೇ. ಕ್ಯೂಆರ್ ದಾರಿ ಇನ್ನೂ ತೆರೆದೇ ಇದೆ.

ಇನ್ನೊಂದು ಬಗೆ: ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಹಾಕಿಬಿಟ್ಟೆ ಅಣ್ಣಾ, ಉಳಿದದ್ದು ವಾಪಸ್ ಹಾಕಿ ಎಂದು ಅಳುತ್ತಾನೆ. ಮೊಬೈಲಿನಲ್ಲಿ ಬ್ಯಾಂಕಿನಂತೆಯೇ ಕಾಣುವ ಎಸ್‌ಎಂಎಸ್ ಬಂದಿರುತ್ತದೆ. ಎಸ್‌ಎಂಎಸ್ ಹಣವಲ್ಲ. ಖಾತೆಯ ಬಾಕಿ ತೆರೆದು ನೋಡಿ, ಆಮೇಲೆ ಕರುಣೆ ತೋರಿಸಿ.

ಬೈಕು, ಕಾರು ಮಾರುವವರಿಗೆ ಒಂದು ಮಾತು ಹೆಚ್ಚು. ಹಣ ಬಂತು, ಗಾಡಿ ಹೋಯಿತು ಎಂದು ಮರೆಯಬೇಡಿ. ನಮೂನೆ 29 ಮತ್ತು 30 ಸಲ್ಲಿಸಿ ಆರ್‌ಟಿಒದಲ್ಲಿ ಹೆಸರು ಬದಲಾಗುವವರೆಗೆ ಮಾಲೀಕರು ನೀವೇ. ಅಪಘಾತವಾದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಳ್ಳುವವರು ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರು ಹಾಕಿ ಸಾಲ ಬಾಕಿ ಇದೆಯೇ ನೋಡಿಕೊಳ್ಳಿ. ಗಾಡಿ ಕಣ್ಣಿಗೆ ಕಾಣುವ ಮೊದಲು ಸಾಗಣೆ ಖರ್ಚು, ಗೇಟ್ ಪಾಸ್ ಎಂದು ಒಂದು ರೂಪಾಯಿಯನ್ನೂ ಕೊಡಬೇಡಿ.

ಬ್ಯಾಂಕುಗಳು ಸಾಲ ತೀರದ ಮನೆ, ನಿವೇಶನಗಳನ್ನು ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕುವುದೂ ಈಗ ಆನ್‌ಲೈನ್. ಸರ್ಕಾರಿ ಬ್ಯಾಂಕುಗಳ ಆಸ್ತಿಗಳು ‘ಬ್ಯಾಂಕ್‌ನೆಟ್’ ಎಂಬ ಪೋರ್ಟಲ್‌ನಲ್ಲಿ ಸಿಗುತ್ತವೆ. ದಲ್ಲಾಳಿ ಕಳಿಸಿದ ಲಿಂಕಿನಲ್ಲಿ ಹೋಗಬೇಡಿ. ಪತ್ರಿಕೆಯಲ್ಲಿ ಪ್ರಕಟವಾದ ನೋಟಿಸು ಹಿಡಿದು ಆ ಶಾಖೆಗೇ ಹೋಗಿ ಅಧಿಕಾರಿಯನ್ನು ಕಂಡು, ಇಎಂಡಿ ಕಟ್ಟುವ ಖಾತೆ ಸಂಖ್ಯೆಯನ್ನು ಅಲ್ಲಿಯೇ ಖಚಿತಪಡಿಸಿಕೊಳ್ಳಿ. ಇಲ್ಲಿ ಮೋಸವಿಲ್ಲದೆಯೂ ನಷ್ಟವಾಗಬಹುದು. ಆಸ್ತಿ ಇದ್ದಲ್ಲಿ ಇದ್ದಂತೆ ಮಾರಾಟ. ಒಳಗೆ ಬಾಡಿಗೆದಾರ ಇದ್ದರೆ, ಕಂದಾಯ ಬಾಕಿ ಇದ್ದರೆ ನಿಮ್ಮ ತಲೆಗೆ. ಸವಾಲು ನಿಮ್ಮ ಹೆಸರಿಗೆ ನಿಂತ ದಿನ, ತಪ್ಪಿದರೆ ಮರುದಿನದ ಕೆಲಸದ ವೇಳೆಯೊಳಗೆ, ಇಎಂಡಿ ಸೇರಿ ಶೇಕಡ 25 ಕಟ್ಟಬೇಕು, ಉಳಿದದ್ದು ಮಾರಾಟ ಖಾಯಂ ಆದ ಹದಿನೈದು ದಿನಗಳಲ್ಲಿ. ಬ್ಯಾಂಕು ಬರಹದಲ್ಲಿ ಒಪ್ಪಿದರೆ ಅವಧಿ ಸ್ವಲ್ಪ ಬೆಳೆಯಬಹುದು. ಕಟ್ಟಲಾಗದಿದ್ದರೆ ಆ ಕಾಲು ಭಾಗ ಜಪ್ತಿ, ಅದು ಸರಿಯೇ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸಾಲ ಸಿಗುತ್ತದೆ ಎಂಬ ಭರವಸೆಯ ಮೇಲೆ ಕೂಗಬೇಡಿ.

ಇಲ್ಲಿಯವರೆಗೆ ಮೋಸ ಹೋಗುವವರ ಮಾತಾಯಿತು. ಮೋಸದ ಹಣ ಎಲ್ಲಿಗೆ ಹೋಗುತ್ತದೆ? ದೂರದ ಯಾವುದೋ ರಾಜ್ಯಕ್ಕೆ ಎಂದು ಹೇಳಿ ನಾವು ಕೈ ತೊಳೆದುಕೊಳ್ಳುತ್ತೇವೆ. ಅದು ಮೊದಲು ಬಂದು ಬೀಳುವುದು ಬಾಡಿಗೆ ಖಾತೆಗಳಲ್ಲಿ. ಕೆಲಸವಿಲ್ಲದ ಹುಡುಗನಿಗೆ ಗೆಳೆಯ ಹೇಳುತ್ತಾನೆ: ನಿನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೊಡು, ತಿಂಗಳಿಗೆ ಇಷ್ಟು ಸಾವಿರ ಕೊಡುತ್ತಾರೆ, ನೀನೇನೂ ಮಾಡಬೇಕಾಗಿಲ್ಲ. ಏನೂ ಮಾಡದೆ ಬರುವ ಹಣ! ಆ ಖಾತೆಗೆ ಯಾರೋ ವಿಧವೆಯ ಚೀಟಿಯ ಹಣ ಬಂದು, ಅರ್ಧ ಗಂಟೆಯಲ್ಲಿ ಮುಂದಕ್ಕೆ ಹೋಗುತ್ತದೆ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆಯ ಹೆಸರಿಗೆ. ಹುಡುಗನ ಮನೆ ಬಾಗಿಲಿಗೆ ಪರರಾಜ್ಯದ ನೋಟಿಸು, ಖಾತೆ ಸ್ಥಗಿತ. ಗುರುತು ಮರೆಸಿ ಕಂಪ್ಯೂಟರ್ ಮೂಲಕ ವಂಚಿಸುವುದಕ್ಕೆ ಐಟಿ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ, ಸಹಾಯ ಮಾಡಿದವರನ್ನೂ ಕಾನೂನು ಬಿಡುವುದಿಲ್ಲ. ತಾಯಂದಿರೇ, ಮಗ ಹೊಸ ಸಿಮ್ಮು, ಹೊಸ ಖಾತೆ ಮಾಡಿಸಿದ್ದಾನೆ, ಅದರ ಎಟಿಎಂ ಕಾರ್ಡು ಮನೆಯಲ್ಲಿ ಇಲ್ಲ ಎಂದರೆ ಕೂರಿಸಿ ಕೇಳಿ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದದ್ದನ್ನು ಕಂಡು, ಬೇಕಾದದ್ದಷ್ಟೇ ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದ ತಾಯಿ ಆಕೆ. ಆ ಅಕ್ಕಿ ಕದ್ದದ್ದಲ್ಲ, ನೆಲದಿಂದ ಆಯ್ದದ್ದು. ಆದರೂ ಎಲ್ಲಿಂದ ಬಂತು ಎಂದು ಕೇಳಿದಳು. ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಕೇಳುವುದನ್ನು ಯಾವಾಗ ಬಿಟ್ಟೆವೋ ತಿಳಿಯದು.

ಮಾರುವ ನಮ್ಮ ಜನರಿಗೂ ಒಂದು ಮಾತು ಹೇಳಲೇಬೇಕು. ಬ್ಯಾಟರಿ ಸತ್ತ ಗಾಡಿಗೆ ಉತ್ತಮ ಸ್ಥಿತಿ ಎಂದು ಬರೆಯುವುದು, ಗೆಳೆಯನಿಂದ ಸುಳ್ಳು ಬಿಡ್ ಹಾಕಿಸಿ ಬೆಲೆ ಏರಿಸುವುದು, ಕೊಳ್ಳುವವನಿಗೆ ಬಿರುಕು ಕಾಣದ ಕಡೆಯಿಂದ ಫೋಟೋ ತೆಗೆಯುವುದು. ಇವನ್ನು ಜಾಣತನ ಎಂದು ಹೊಗಳುವವರು ಇದ್ದಾರೆ. ಕಾಯಕದ ಮಾತಾಡುವ ಬಾಯಲ್ಲಿ ಆ ಹೊಗಳಿಕೆ ಬರಬಾರದು. ಕೊರತೆಯನ್ನು ಮೊದಲ ಸಾಲಿನಲ್ಲಿಯೇ ಬರೆದು ಮಾರಿದ ವಸ್ತುವಿಗೆ ಒಂದಿಷ್ಟು ಕಡಿಮೆ ಬರುತ್ತದೆ, ನಿಜ. ಆದರೆ ಜಗಳ ಬರುವುದಿಲ್ಲ.

ಮೋಸವಾದರೆ ಮಾಡಬೇಕಾದದ್ದು ಇಷ್ಟು. ಮೊದಲ ಗಂಟೆಯಲ್ಲಿಯೇ 1930ಕ್ಕೆ ಫೋನು ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಹಿಡಿಯಲು ಬ್ಯಾಂಕುಗಳನ್ನೂ ಪೊಲೀಸರನ್ನೂ ಜೋಡಿಸಿದ ವ್ಯವಸ್ಥೆ ಅದು. ಎಷ್ಟು ಹಣ, ಯಾವ ಹೊತ್ತು, ಯುಪಿಐನ ಹನ್ನೆರಡು ಅಂಕಿಯ ವ್ಯವಹಾರ ಸಂಖ್ಯೆ, ಇವು ಕೈಯಲ್ಲಿರಲಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು ನೀವು ಮೂರು ಕೆಲಸದ ದಿನಗಳಲ್ಲಿ ತಿಳಿಸಿದ್ದರೆ ಹೊಣೆ ನಿಮ್ಮದಲ್ಲ. ಪಿನ್ನು, ಒಟಿಪಿ ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಎರಡೂ ಸಂದರ್ಭದಲ್ಲಿ ಗಡಿಯಾರವೇ ಮುಖ್ಯ.

ಆದರೆ ನಮ್ಮವರು ಮೊದಲ ಗಂಟೆಯಲ್ಲಿ ಫೋನು ಮಾಡುವುದಿಲ್ಲ. ಮಗ ಬೈದಾನು, ಸೊಸೆ ನಕ್ಕಾಳು, ಊರು ಆಡಿಕೊಂಡೀತು ಎಂದು ಎರಡು ದಿನ ಬಚ್ಚಿಡುತ್ತಾರೆ. ಆ ಎರಡು ದಿನವೇ ಕಳ್ಳನಿಗೆ ಬೇಕಾದದ್ದು. ಹಣ ಕಳೆದುಕೊಂಡವರನ್ನು ‘ಆಸೆಬುರುಕರು’ ಎಂದು ಹಂಗಿಸುವ ಮನೆಗಳೇ ಅವನ ಕೆಲಸ ಸಲೀಸು ಮಾಡುತ್ತವೆ. ಓದಿದ ಮೇಷ್ಟ್ರು, ಡಾಕ್ಟರು ಎಲ್ಲರೂ ಸಿಕ್ಕಿಬಿದ್ದಿದ್ದಾರೆ.

ಪ್ರಸಾದ ಮುಗಿದ ಮೇಲೆ ನಾನು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ಮೊಬೈಲಿನಲ್ಲಿ ಇಂಥ ಸಂದೇಶ ಬಂದವರು ತನ್ನಿ, ಸೇರಿ ನೋಡೋಣ. 1930 ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಲು ಬಾರದ ಹಿರಿಯರಿಗೆ ನಮ್ಮ ಹುಡುಗರು ಇವತ್ತೇ ಉಳಿಸಿಕೊಡುತ್ತಾರೆ.