ಕೊಬ್ಬರಿಯ ಧಾರಣೆ, ಮಾತಿನ ಧಾರಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವ ಬೆಳೆಗಾರರು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುತ್ತಾರೆ. ನೀರು ಇಂಗಿ ಗಿಟುಕಾಗಿದೆಯೇ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಒಳಗೆ ಸದ್ದಾದ ಮೇಲೇ ಸುಲಿಯುವುದು. ಅದೇ ಕೊಬ್ಬರಿಯ ಬೆಲೆ ಮೊಬೈಲಿನಲ್ಲಿ ರಾಜಕೀಯದ ಮಾತಾದಾಗ ಮಾತ್ರ ಈ ತಾಳ್ಮೆ ಉಳಿಯುವುದಿಲ್ಲ.

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 8,000ದ ಆಸುಪಾಸಿಗೆ ಕುಸಿಯಿತು. ಆ ದರಕ್ಕೆ ಹತ್ತು ಕ್ವಿಂಟಲ್ ಮಾರಿದ ಮನೆಗೆ 37,500 ರೂಪಾಯಿ ಖೋತಾ. ಮಗಳ ಕಾಲೇಜಿನ ಫೀಸು, ಸೊಸೈಟಿ ಸಾಲದ ಕಂತು ಎಲ್ಲಕ್ಕೂ ಈ ಕೊಬ್ಬರಿಯನ್ನೇ ನಂಬಿದವರ ಸಂಕಟ ಅದು.

ಆ ವರ್ಷದ ಡಿಸೆಂಬರ್ ಕೊನೆಗೆ ಕೇಂದ್ರ ಸರ್ಕಾರ 2024ರ ಹಂಗಾಮಿಗೆ 12,000 ರೂಪಾಯಿ ನಿಗದಿ ಮಾಡಿತು. ರಾಜ್ಯ ಸರ್ಕಾರ ಕ್ವಿಂಟಲ್‌ಗೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ಎರಡೂ ನಡೆದದ್ದು ನಿಜ. ಆದರೆ ಪಕ್ಷಾಭಿಮಾನಕ್ಕೆ ಒಂದೇ ಸಾಕು. ಒಬ್ಬರ ಪಾಲಿಗೆ ಕೇಂದ್ರ ಬಿಡಿಗಾಸೂ ಕೊಟ್ಟಿಲ್ಲ, ಇನ್ನೊಬ್ಬರ ಪಾಲಿಗೆ ರಾಜ್ಯ ಏನೂ ಮಾಡಿಲ್ಲ.

ನಿಜವಾದ ಅಂಕಿಯೂ ದಾರಿ ತಪ್ಪಿಸಬಲ್ಲದು. 2014ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 5,500 ಇತ್ತು, ಹತ್ತು ವರ್ಷದಲ್ಲಿ ದುಪ್ಪಟ್ಟಿಗೂ ಮೀರಿತು. ಸರಿ. ಆದರೆ ಅದು ಕೈಗೆ ಬರುವುದು ನೋಂದಣಿಯಾಗಿ, ಖರೀದಿ ಕೇಂದ್ರದಲ್ಲಿ ಗುಣಮಟ್ಟ ಒಪ್ಪಿಗೆಯಾದ ಮಾಲಿಗೆ ಮಾತ್ರ. ಒಬ್ಬ ರೈತನಿಂದ ಕೊಳ್ಳುವ ಪ್ರಮಾಣಕ್ಕೂ ಮಿತಿಯಿದೆ. ಇದನ್ನು ಬಿಟ್ಟು 'ರೈತರಿಗೆಲ್ಲ ದುಪ್ಪಟ್ಟು ಬೆಲೆ' ಎಂದವರು ಸುಳ್ಳು ಅಂಕಿ ಹೇಳಿರುವುದಿಲ್ಲ, ಆದರೂ ಕೇಳಿದವರಿಗೆ ಮೋಸವಾಗಿರುತ್ತದೆ.

ಇಂಥ ಅರೆಸತ್ಯದ, ಸುಳ್ಳಿನ ಪೆಟ್ಟು ಬೀಳುವುದು ವಾದ ಮಾಡುವವರಿಗಲ್ಲ, ಬೆಳೆಗಾರರಿಗೆ. 'ನಾಳೆಯಿಂದ ಖರೀದಿ ಬಂದ್' ಎಂಬ ಸುದ್ದಿ ನಂಬಿದ ಹಿರಿಯರೊಬ್ಬರು ಅಟ್ಟದ ಮಾಲನ್ನು ಸಿಕ್ಕ ಬೆಲೆಗೆ ಕೊಟ್ಟುಬಿಡಬಹುದು. ರೈತರು ಕೊಡುವ ಮನವಿಪತ್ರದಲ್ಲಿ ಒಂದು ಅಂಕಿ ಉಬ್ಬಿದ್ದರೆ ಅಧಿಕಾರಿ ಅದನ್ನೇ ಹಿಡಿದು ಇಡೀ ಅಹವಾಲನ್ನು ಪಕ್ಕಕ್ಕಿಡುತ್ತಾರೆ. 37,500 ರೂಪಾಯಿಯ ನಷ್ಟವನ್ನು ಲಕ್ಷ ಎಂದು ಹೇಳಬೇಕಿಲ್ಲ. ಇದ್ದಷ್ಟೇ ಸಾಕಷ್ಟು ದೊಡ್ಡದು.

ಆದ್ದರಿಂದ ಬೆಲೆಯ ಸುದ್ದಿ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಕೇಳಬೇಕಾದ್ದು ಇಷ್ಟೇ: ಇದು ಉಂಡೆ ಕೊಬ್ಬರಿಯದೋ, ಎಣ್ಣೆ ಕೊಬ್ಬರಿಯದೋ? ಯಾವ ವರ್ಷದ್ದು? ಬೆಂಬಲ ಬೆಲೆಯೋ, ಪೇಟೆ ಧಾರಣೆಯೋ? ಊರಿನಲ್ಲಿ ಎಷ್ಟು ಮಂದಿಯ ಖಾತೆಗೆ ಹಣ ಬಂತು, ಯಾರದ್ದು ಬಾಕಿ? ಹೀಗೆ ಬಿಡಿಸಿ ಕೇಳಿದರೆ ಯಾವ ಪಕ್ಷದ ಜನಪ್ರತಿನಿಧಿಯೂ ಭಾಷಣ ಮಾಡಿ ನುಣುಚಿಕೊಳ್ಳಲಾರರು.